ತಮ್ಮನಿಗೆ ಯಾವ ಕಿಮೋ?

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಕುತ್ತಿಗೆಯಲ್ಲಿ ಗಂಟು, ರಾತ್ರಿ ಹೊತ್ತು ಬಟ್ಟೆ ನೆನೆಯುವಷ್ಟು ಬೆವರು, ಬಂದು ಹೋಗುವ ಜ್ವರ. ಟಿ.ಬಿ. ಇರಬಹುದೆಂದು ಮೊದಲು ಅದಕ್ಕೆ ಮಾತ್ರೆ ಕೊಟ್ಟರು, ಗಂಟು ಕರಗಲಿಲ್ಲ. ಬಯಾಪ್ಸಿ ಮಾಡಿದ ಮೇಲೆ ಹಾಡ್ಜ್‌ಕಿನ್ ಲಿಂಫೋಮಾ, ನಾಲ್ಕನೇ ಹಂತ ಎಂದರು. ಒಬ್ಬ ಡಾಕ್ಟರು ‘ಎಬಿವಿಡಿ ಶುರು ಮಾಡೋಣ, ಎರಡು ಸೈಕಲ್ ಆದ ಮೇಲೆ ಪೆಟ್ ಸ್ಕ್ಯಾನ್ ನೋಡಿ ಮುಂದಿನದು’ ಎನ್ನುತ್ತಾರೆ. ಇನ್ನೊಬ್ಬರು ‘ಬೀಕಾಪ್ ಹೆಚ್ಚು ಬಲವಾದದ್ದು, ಚಿಕ್ಕ ವಯಸ್ಸು, ತಡೆದುಕೊಳ್ಳುತ್ತಾನೆ’ ಎನ್ನುತ್ತಾರೆ. ಅಮೆರಿಕದಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಇವೆರಡೂ ಹಳೆಯವು, ಅಲ್ಲಿ ಹೊಸ ಔಷಧ ಬಂದಿದೆ ಎನ್ನುತ್ತಾನೆ. ಒಂದೇ ಕಾಯಿಲೆಗೆ ಮೂರು ಮಾತು ಏಕೆ? ಯಾವುದು ಒಳ್ಳೆಯದು? ಅವನಿಗಿನ್ನೂ ಮದುವೆಯಾಗಿಲ್ಲ. ಮುಂದೆ ಮಕ್ಕಳಾಗುತ್ತವೆಯೇ?
— ಶಿವಮೊಗ್ಗ ಜಿಲ್ಲೆಯ ಓದುಗರು

ಉತ್ತರ: ನೀವು ಕೇಳದೆ ಬಿಟ್ಟ ಒಂದು ಪ್ರಶ್ನೆ ಪತ್ರದ ತುಂಬ ಇದೆ. ಅದಕ್ಕೇ ಮೊದಲು ಉತ್ತರಿಸುತ್ತೇನೆ. ಹೊಟ್ಟೆಯದೋ ಶ್ವಾಸಕೋಶದ್ದೋ ಕ್ಯಾನ್ಸರ್ ನಾಲ್ಕನೇ ಹಂತಕ್ಕೆ ಬಂದಿದೆ ಎಂದರೆ ಏನೆಂದು ಎಲ್ಲರೂ ಕೇಳಿರುತ್ತಾರೆ. ಆ ಭಯವನ್ನು ಹಾಡ್ಜ್‌ಕಿನ್‌ಗೆ ಹೊಂದಿಸಬೇಡಿ. ಇಲ್ಲಿ ನಾಲ್ಕನೇ ಹಂತವೆಂದರೆ ಕಾಯಿಲೆ ದುಗ್ಧಗ್ರಂಥಿಗಳನ್ನು ದಾಟಿ ಯಕೃತ್ತು, ಶ್ವಾಸಕೋಶ, ಮೂಳೆಮಜ್ಜೆಯಂಥ ಜಾಗಕ್ಕೂ ಹೋಗಿದೆ ಎಂದರ್ಥ. ಅಲ್ಲಿಂದಲೂ ಪೂರ್ತಿ ವಾಸಿಯಾಗಿ, ಕೆಲಸಕ್ಕೆ ಹೋಗಿ, ಸಂಸಾರ ಮಾಡುವವರೇ ಹೆಚ್ಚು. ನಿಮಗೆ ಮೂವರು ತೋರಿಸಿದ ಮೂರು ದಾರಿಗಳ ಗುರಿಯೂ ಗುಣಪಡಿಸುವುದೇ. ವಾದ ಇರುವುದು ಆ ಗುರಿ ಮುಟ್ಟಲು ದೇಹ ಎಷ್ಟು ಬೆಲೆ ತೆರಬೇಕು, ಆ ಬೆಲೆಯನ್ನು ಎಲ್ಲರಿಂದಲೂ ಮೊದಲೇ ಪಡೆಯಬೇಕೋ, ಬೇಕಾದವರಿಂದ ಮಾತ್ರ ಆಮೇಲೆ ಪಡೆಯಬೇಕೋ ಎಂಬುದರಲ್ಲಿ. ನಿಮ್ಮ ಇಬ್ಬರು ಡಾಕ್ಟರುಗಳೂ ತಪ್ಪು ಹೇಳಿಲ್ಲ. ಈ ವಿಷಯದಲ್ಲಿ ಇಟಲಿಯ ವೈದ್ಯರೂ ಜರ್ಮನಿಯ ವೈದ್ಯರೂ ದಶಕಗಳಿಂದ ವಾದಿಸುತ್ತ ಬಂದಿದ್ದಾರೆ.

ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿದ್ದ ಥಾಮಸ್ ಹಾಡ್ಜ್‌ಕಿನ್ ಈ ಕಾಯಿಲೆಯನ್ನು ವಿವರಿಸಿದ್ದು 1832ರಲ್ಲಿ. ಅದಾಗಿ ನೂರಕ್ಕೂ ಹೆಚ್ಚು ವರ್ಷ ಮೈಯೆಲ್ಲ ಹರಡಿದ ಹಾಡ್ಜ್‌ಕಿನ್‌ಗೆ ಮದ್ದಿರಲಿಲ್ಲ. ಮೊದಲ ಸುಳಿವು ಸಿಕ್ಕಿದ್ದು ಯುದ್ಧದ ವಿಷದಿಂದ. ಮಸ್ಟರ್ಡ್ ಅನಿಲ ತಗಲಿದವರ ಬಿಳಿ ರಕ್ತಕಣಗಳು ನೆಲ ಕಚ್ಚುತ್ತವೆಂದು ತಿಳಿದಿದ್ದ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಅದೇ ಕುಟುಂಬದ ನೈಟ್ರೋಜನ್ ಮಸ್ಟರ್ಡನ್ನು 1942ರಲ್ಲಿ ಲಿಂಫೋಮಾ ರೋಗಿಯೊಬ್ಬರಿಗೆ ಕೊಟ್ಟರು. ಗಡ್ಡೆಗಳು ಕರಗಿದವು, ಆದರೆ ಬೇಗನೆ ಮರಳಿದವು. ಆಮೇಲೆ ಬಂದ ಬೇರೆ ಬೇರೆ ಔಷಧಗಳದ್ದೂ ಅದೇ ಕಥೆ. ಒಂದೇ ಔಷಧ ಕೊಟ್ಟಾಗ ಅದನ್ನು ಮೆಟ್ಟಿ ನಿಲ್ಲುವ ಒಂದಷ್ಟು ಕ್ಯಾನ್ಸರ್ ಕೋಶಗಳು ಉಳಿದೇ ಉಳಿಯುತ್ತಿದ್ದವು.

ಹಲವು ಔಷಧಗಳನ್ನು ಒಟ್ಟಿಗೆ, ಪೂರ್ಣ ಪ್ರಮಾಣದಲ್ಲಿ, ತಿಂಗಳುಗಟ್ಟಲೆ ಕೊಟ್ಟರೆ ಹೇಗೆ ಎಂದು 1960ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವಿನ್ಸೆಂಟ್ ಡಿವೀಟಾ ಮತ್ತು ಸಂಗಡಿಗರು ಯೋಚಿಸಿದರು. ಅಂದಿನ ಬಹಳಷ್ಟು ವೈದ್ಯರಿಗೆ ಅದು ರೋಗಿಗಳ ಮೇಲಿನ ಕ್ರೌರ್ಯದಂತೆ ಕಂಡಿತ್ತು. ನೈಟ್ರೋಜನ್ ಮಸ್ಟರ್ಡ್, ವಿನ್‌ಕ್ರಿಸ್ಟೀನ್, ಪ್ರೊಕಾರ್ಬಜೀನ್, ಪ್ರೆಡ್ನಿಸೋನ್ ಈ ನಾಲ್ಕೂ ಸೇರಿದ ಕೂಟಕ್ಕೆ ಮಾಪ್ ಎಂದು ಹೆಸರು. 1970ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 43 ರೋಗಿಗಳಲ್ಲಿ 35 ಮಂದಿಯ ಮೈಯಲ್ಲಿ ಕಾಯಿಲೆಯ ಕುರುಹೇ ಉಳಿಯಲಿಲ್ಲ. ವರ್ಷಗಳು ಉರುಳಿದರೂ ಅವರಲ್ಲಿ ಅನೇಕರಿಗೆ ಅದು ಮರುಕಳಿಸಲಿಲ್ಲ. ವಯಸ್ಕರಲ್ಲಿ ಮೈಯೆಲ್ಲ ಹರಡಿದ ಒಂದು ಕ್ಯಾನ್ಸರನ್ನು ಬರೀ ಔಷಧಗಳ ಕೂಟದಿಂದ ಗುಣಪಡಿಸಬಹುದು ಎಂಬುದು ಖಚಿತವಾಗಿದ್ದು ಅಲ್ಲಿ. ಇಂದು ನಾವು ಕಿಮೋ ಎಂದು ಕರೆಯುವ ಚಿಕಿತ್ಸೆಯ ವ್ಯಾಕರಣ ಬಹುಮಟ್ಟಿಗೆ ಆ ಪ್ರಯೋಗದ ಕೊಡುಗೆ.

ಬೆಲೆ ಎಷ್ಟೆಂದು ತಿಳಿದದ್ದು ನಿಧಾನವಾಗಿ. ಮಾಪ್ ಪಡೆದು ಬದುಕುಳಿದ ಗಂಡಸರಲ್ಲಿ ಬಹುಪಾಲು ಮಂದಿಗೆ ಮಕ್ಕಳಾಗಲಿಲ್ಲ. ಹೆಂಗಸರಲ್ಲಿ ಅನೇಕರಿಗೆ ಅಕಾಲದಲ್ಲಿ ಮುಟ್ಟು ನಿಂತಿತು. ಕೆಲವರಿಗೆ ಐದಾರು ವರ್ಷಗಳ ನಂತರ ಇನ್ನೊಂದು ಕ್ಯಾನ್ಸರ್, ಅಂದರೆ ಲುಕೇಮಿಯಾ, ಬಂತು. ಗುಣಪಡಿಸಿದ ಮದ್ದೇ ಅದನ್ನು ತಂದಿತ್ತು.

ಇನ್ನು ನಿಮ್ಮ ಮೊದಲ ಡಾಕ್ಟರು ಹೇಳಿದ ಎಬಿವಿಡಿ. ಮಾಪ್ ಕೆಲಸ ಮಾಡದವರಿಗೆ ಏನು ಕೊಡುವುದು ಎಂಬ ಚಿಂತೆಯಿಂದ ಇಟಲಿಯ ಮಿಲಾನ್ ನಗರದ ಜಾನ್ನಿ ಬೊನಡೊನ್ನಾ 1970ರ ದಶಕದ ಮೊದಲರ್ಧದಲ್ಲಿ ಇದನ್ನು ಕಟ್ಟಿದರು. ಮಾಪ್‌ನಲ್ಲಿ ಇಲ್ಲದ ನಾಲ್ಕು ಔಷಧಗಳನ್ನು ಅವರು ಆರಿಸಿದರು. ಈ ನಾಲ್ಕರ ಪರಿಚಯ ನಿಮಗೆ ಇರಬೇಕು, ಏಕೆಂದರೆ ಇವತ್ತಿನ ಅತಿ ಹೊಸ ಚಿಕಿತ್ಸೆಯಲ್ಲೂ ಇವುಗಳಲ್ಲಿ ಮೂರು ಹಾಗೇ ಇವೆ.

ಡಾಕ್ಸೊರುಬಿಸಿನ್ ಕೆಂಪು ಬಣ್ಣದ ಇಂಜೆಕ್ಷನ್. ಹಾಕಿಸಿಕೊಂಡ ದಿನ ಮೂತ್ರ ಕೆಂಪಾಗುತ್ತದೆ, ಅದು ರಕ್ತವಲ್ಲ, ಹೆದರಬೇಡಿ. ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಬಂದ ಈ ಮದ್ದು ಕೋಶದ ಡಿಎನ್‌ಎ ಎಳೆಗಳ ನಡುವೆ ತೂರಿ ಕೂರುತ್ತದೆ. ಹೆಚ್ಚಾದರೆ ಹೃದಯದ ಸ್ನಾಯುವಿಗೆ ಪೆಟ್ಟು, ಹಾಗಾಗಿ ಮೊದಲೇ ಎಕೋ ಮಾಡಿಸುತ್ತಾರೆ. ಬ್ಲಿಯೊಮೈಸಿನ್ ಜಪಾನಿನ ಹಮಾವೊ ಉಮೆಜಾವಾ ಅವರ ಪ್ರಯೋಗಾಲಯದಿಂದ ಬಂದದ್ದು. ಅದು ಡಿಎನ್‌ಎಯನ್ನು ತುಂಡರಿಸುತ್ತದೆ. ಮೂಳೆಮಜ್ಜೆಗೆ ಹೆಚ್ಚೇನೂ ಮಾಡದು, ಆದರೆ ಶ್ವಾಸಕೋಶವನ್ನು ಗಡುಸು ಮಾಡಬಲ್ಲದು. ವಿನ್‌ಬ್ಲಾಸ್ಟೀನ್ ನಮ್ಮ ಅಂಗಳದಲ್ಲಿ ವರ್ಷವಿಡೀ ಅರಳುವ ನಿತ್ಯಪುಷ್ಪದ ಗಿಡದಲ್ಲಿ ಸಿಕ್ಕಿದ ಸತ್ವ. 1958ರಲ್ಲಿ ಕೆನಡಾದ ಇಬ್ಬರು ವಿಜ್ಞಾನಿಗಳು ಇದನ್ನು ಬೇರ್ಪಡಿಸಿದರು. ಕೋಶ ಇಬ್ಭಾಗವಾಗುವ ಗಳಿಗೆಯಲ್ಲಿ ಅದನ್ನು ತಡೆದು ನಿಲ್ಲಿಸುತ್ತದೆ. ಮಜ್ಜೆಗೂ ಸ್ವಲ್ಪಮಟ್ಟಿಗೆ ನರಕ್ಕೂ ತೊಂದರೆ. (ಇದನ್ನು ಓದಿ ಆ ಗಿಡದ ಎಲೆ ಅರೆದು ಕುಡಿಸಲು ದಯವಿಟ್ಟು ಹೋಗಬೇಡಿ. ಎಲೆಯಲ್ಲಿರುವ ಸತ್ವದ ಪ್ರಮಾಣ ತೀರ ಕಡಿಮೆ, ಬೇರೆ ವಿಷವಸ್ತುಗಳೂ ಅದರಲ್ಲಿವೆ.) ಕೊನೆಯದು ಡಕಾರ್ಬಜೀನ್. ಬೆಳಕು ಬಿದ್ದರೆ ಕೆಡುತ್ತದೆಂದು ಬಾಟಲಿಗೆ ಕಪ್ಪು ಹೊದಿಕೆ ಹಾಕಿರುತ್ತಾರೆ. ವಾಂತಿ, ಇಂಜೆಕ್ಷನ್ ಹಾಕುವಾಗ ರಕ್ತನಾಳದಲ್ಲಿ ಉರಿ ಹೆಚ್ಚಾಗಿ ಇದರದ್ದೇ.

ಒಂದರ ಕಷ್ಟ ಹೃದಯಕ್ಕೆ, ಇನ್ನೊಂದರದು ಶ್ವಾಸಕೋಶಕ್ಕೆ, ಮತ್ತೊಂದರದು ಮಜ್ಜೆಗೆ. ಹೊರೆಯನ್ನು ನಾಲ್ಕು ಹೆಗಲಿಗೆ ಹಂಚಿದಂತೆ, ಯಾವ ಒಂದು ಅಂಗವೂ ಕುಸಿಯದ ಹಾಗೆ ನಾಲ್ಕನ್ನೂ ಸಾಕಷ್ಟು ಪ್ರಮಾಣದಲ್ಲಿ ಕೊಡಬಹುದು. ಕ್ಯಾನ್ಸರ್ ಕೋಶಕ್ಕೆ ಮಾತ್ರ ನಾಲ್ಕು ಕಡೆಯಿಂದಲೂ ಏಟು. ಕೂಟ ಕಟ್ಟುವ ಜಾಣ್ಮೆ ಎಂದರೆ ಇದು. ಎಬಿವಿಡಿಯನ್ನು ಎರಡು ವಾರಕ್ಕೊಮ್ಮೆ ಹಾಕುತ್ತಾರೆ. ಎರಡು ಬಾರಿ ಹಾಕಿದರೆ ಒಂದು ಸೈಕಲ್. ಆರು ಸೈಕಲ್ ಎಂದರೆ 12 ಸಲ, ಸುಮಾರು ಆರು ತಿಂಗಳು. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗಬಹುದು.

ಮಾಪ್, ಎಬಿವಿಡಿ, ಎರಡನ್ನೂ ಸರದಿಯಲ್ಲಿ ಕೊಡುವುದು, ಈ ಮೂರನ್ನು 361 ರೋಗಿಗಳಲ್ಲಿ ಹೋಲಿಸಿದ ಅಮೆರಿಕದ ಅಧ್ಯಯನ 1992ರಲ್ಲಿ ಬಂತು. ಐದು ವರ್ಷಗಳ ನಂತರ ಚಿಕಿತ್ಸೆ ವಿಫಲವಾಗದೆ ಇದ್ದವರು ಮಾಪ್‌ನಲ್ಲಿ ನೂರಕ್ಕೆ 50, ಎಬಿವಿಡಿಯಲ್ಲಿ 61, ಸರದಿಯಲ್ಲಿ 65. ಕೊನೆಯ ಎರಡರ ನಡುವಿನ ಅಂತರ ಲೆಕ್ಕಕ್ಕೆ ಬರುವಂಥದ್ದಲ್ಲ. ಹಾಗಿರುವಾಗ ಮಾಪ್‌ನ ಬಂಜೆತನವನ್ನೂ ಲುಕೇಮಿಯಾವನ್ನೂ ಹೊರುವುದೇಕೆ? ಅಂದಿನಿಂದ ಪ್ರಪಂಚದ ಬಹುಭಾಗದಲ್ಲಿ ಎಬಿವಿಡಿಯೇ ರೂಢಿಯಾಯಿತು.

ಜರ್ಮನರಿಗೆ ಸಮಾಧಾನವಾಗಲಿಲ್ಲ. ಕಲೋನ್ ನಗರದ ಫೋಲ್ಕರ್ ಡೀಲ್ ಅವರ ಗುಂಪು ಕೇಳಿದ್ದು ಸರಳ ಪ್ರಶ್ನೆ: ಮೂರನೆಯ, ನಾಲ್ಕನೆಯ ಹಂತದ ಇಷ್ಟೊಂದು ಮಂದಿಗೆ ಕಾಯಿಲೆ ಮರಳುತ್ತಿದೆ, ಮೊದಲ ಏಟನ್ನೇ ಜೋರಾಗಿ ಕೊಟ್ಟರೆ? ಅವರು ಕಟ್ಟಿದ ಬೀಕಾಪ್‌ನಲ್ಲಿ ಏಳು ಔಷಧ, ಮೂರು ವಾರಕ್ಕೊಂದು ಸೈಕಲ್. ಅದರಲ್ಲೂ ಪ್ರಮಾಣ ಏರಿಸಿದ ಬೀಕಾಪ್ ಇನ್ನೂ ಉಗ್ರ. ಸುಮಾರು 1200 ರೋಗಿಗಳ ಎಚ್‌ಡಿ9 ಅಧ್ಯಯನದಲ್ಲಿ ಹತ್ತು ವರ್ಷಗಳ ಕೊನೆಗೆ ಬದುಕಿದ್ದವರು ಹಳೆಯ ಮಾದರಿಯ ಚಿಕಿತ್ಸೆಯಲ್ಲಿ ನೂರಕ್ಕೆ 75, ಏರಿಸಿದ ಬೀಕಾಪ್‌ನಲ್ಲಿ 86. ದೊಡ್ಡ ಗೆಲುವೇ. ಆದರೆ ಎರಡು ಮಾತನ್ನು ಜೊತೆಗೇ ಓದಬೇಕು. ಹೋಲಿಸಿದ್ದು ಶುದ್ಧ ಎಬಿವಿಡಿಯ ಜೊತೆಗಲ್ಲ, ಎಬಿವಿಡಿಯನ್ನು ಇನ್ನೊಂದು ಕೂಟದ ಜೊತೆ ಸರದಿಯಲ್ಲಿ ಕೊಟ್ಟ ಚಿಕಿತ್ಸೆಯ ಜೊತೆ. ಮತ್ತು ಲುಕೇಮಿಯಾ ಹಾಗೂ ಅದರ ಹಿಂದಿನ ಹಂತದ ಮಜ್ಜೆಯ ಕಾಯಿಲೆ ಆ ಹತ್ತು ವರ್ಷದಲ್ಲಿ ನೂರಕ್ಕೆ 0.4ರಿಂದ 3ಕ್ಕೆ ಏರಿತ್ತು.

ನೇರ ಪೈಪೋಟಿ ನಡೆದದ್ದು ಇಟಲಿಯಲ್ಲಿ, 331 ರೋಗಿಗಳಲ್ಲಿ. 2011ರಲ್ಲಿ ಬಂದ ಆ ವರದಿಯೇ ನಿಮ್ಮ ಪ್ರಶ್ನೆಯ ಹೃದಯ. ಅರ್ಧ ಜನಕ್ಕೆ ಎಬಿವಿಡಿ, ಅರ್ಧ ಜನಕ್ಕೆ ಬೀಕಾಪ್. ಯಾರಿಗೆ ಕಾಯಿಲೆ ಬಗ್ಗಲಿಲ್ಲವೋ ಅಥವಾ ಮರಳಿತೋ ಅವರಿಗೆ ಮೊದಲೇ ಗೊತ್ತುಮಾಡಿಟ್ಟ ಎರಡನೆಯ ಚಿಕಿತ್ಸೆ: ಜೋರಾದ ಕಿಮೋ, ಆಮೇಲೆ ರೋಗಿಯದೇ ಮೂಲಕೋಶಗಳನ್ನು ತೆಗೆದಿಟ್ಟು ಮರಳಿ ಹಾಕುವ ಕಸಿ. ಏಳು ವರ್ಷದಲ್ಲಿ ಮೊದಲ ಚಿಕಿತ್ಸೆಯಲ್ಲೇ ಕಾಯಿಲೆ ಮುಂದುವರಿಯದೆ ಉಳಿದವರು ಬೀಕಾಪ್‌ನಲ್ಲಿ ನೂರಕ್ಕೆ 85, ಎಬಿವಿಡಿಯಲ್ಲಿ 73. ಇಲ್ಲಿಗೆ ನಿಲ್ಲಿಸಿದರೆ ನಿಮ್ಮ ಎರಡನೆಯ ಡಾಕ್ಟರದ್ದೇ ಗೆಲುವು. ಮುಂದೆ ನೋಡಿ. ಎರಡನೆಯ ಚಿಕಿತ್ಸೆಯನ್ನೂ ಸೇರಿಸಿ ಏಳು ವರ್ಷಕ್ಕೆ ಬದುಕಿದ್ದವರು ಬೀಕಾಪ್‌ನಲ್ಲಿ 89, ಎಬಿವಿಡಿಯಲ್ಲಿ 84. ಅಷ್ಟು ಜನರ ಅಧ್ಯಯನದಲ್ಲಿ ಈ ಐದರ ಅಂತರ ಔಷಧದ್ದೋ ಆಕಸ್ಮಿಕದ್ದೋ ಹೇಳಲು ಬರುವುದಿಲ್ಲ.

ಈ ಅಂಕಿಗಳನ್ನು ಹೀಗೆ ಓದಿ. ನೂರು ಮಂದಿಗೆ ಎಬಿವಿಡಿ ಕೊಟ್ಟರೆ ಎಪ್ಪತ್ಮೂರು ಮಂದಿ ಹಗುರವಾದ ಚಿಕಿತ್ಸೆಯಲ್ಲೇ ಪಾರಾಗುತ್ತಾರೆ. ಅವರಿಗೆ ಬೀಕಾಪ್ ಕೊಟ್ಟಿದ್ದರೆ ಬೇಕಿಲ್ಲದ ಬೆಲೆ ತೆತ್ತಂತಾಗುತ್ತಿತ್ತು. ಆದರೆ ನೂರರಲ್ಲಿ ಹನ್ನೆರಡು ಮಂದಿ ಬೀಕಾಪ್ ಸಿಕ್ಕಿದ್ದರೆ ಕಸಿಯವರೆಗೆ ಹೋಗಬೇಕಿರಲಿಲ್ಲ, ಮತ್ತು ಕಸಿ ಎಂಬುದು ಸಣ್ಣ ಮಾತಲ್ಲ. ಇಟಲಿಯವರು ಆ ಎಪ್ಪತ್ಮೂರನ್ನು ನೋಡಿ ನಿರ್ಧರಿಸಿದರು, ಜರ್ಮನರು ಆ ಹನ್ನೆರಡನ್ನು ನೋಡಿ. ಇಬ್ಬರ ಮುಂದಿದ್ದದ್ದೂ ಒಂದೇ ಸಂಖ್ಯೆಗಳು. ನಿಮ್ಮ ತಮ್ಮ ಆ ಎಪ್ಪತ್ಮೂರರಲ್ಲಿ ಒಬ್ಬನೋ ಹನ್ನೆರಡರಲ್ಲಿ ಒಬ್ಬನೋ ಎಂದು ಮೊದಲ ದಿನವೇ ಹೇಳುವ ಪರೀಕ್ಷೆ ಇದ್ದಿದ್ದರೆ ವಾದವೇ ಇರುತ್ತಿರಲಿಲ್ಲ. ವಯಸ್ಸು, ಹಿಮೋಗ್ಲೋಬಿನ್, ಆಲ್ಬುಮಿನ್, ಬಿಳಿಕಣದಂಥ ಏಳು ಅಂಶಗಳನ್ನು ಕೂಡಿಸಿ ಅಂದಾಜು ಮಾಡುವ ಅಂಕ 1998ರಿಂದ ಬಳಕೆಯಲ್ಲಿದೆ. ಗುಂಪಿನ ಬಗ್ಗೆ ಅದು ಸರಿ ಹೇಳುತ್ತದೆ, ಒಬ್ಬ ಮನುಷ್ಯನ ಬಗ್ಗೆ ಅಷ್ಟಕ್ಕಷ್ಟೆ.

ಮೊದಲ ದಿನ ಗೊತ್ತಾಗದಿದ್ದದ್ದು ಎರಡು ತಿಂಗಳಿಗೆ ಗೊತ್ತಾಗುತ್ತದೆ. ನಿಮ್ಮ ಮೊದಲ ಡಾಕ್ಟರು ‘ಎರಡು ಸೈಕಲ್ ಆದ ಮೇಲೆ ಪೆಟ್’ ಎಂದದ್ದು ಅದಕ್ಕೆ. ಅದು ಅನಿಶ್ಚಯವಲ್ಲ, ಕಾಲಹರಣವೂ ಅಲ್ಲ. ಪೆಟ್ ಸ್ಕ್ಯಾನ್‌ನಲ್ಲಿ ವಿಕಿರಣ ಬೆರೆಸಿದ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತಾರೆ. ಜೀವಂತ ಲಿಂಫೋಮಾ ಅದನ್ನು ಹೀರಿ ಹೊಳೆಯುತ್ತದೆ, ಸತ್ತ ಗಡ್ಡೆಯ ಉಳಿಕೆ ಹೊಳೆಯುವುದಿಲ್ಲ. ಹಾಗಾಗಿ ಸಿಟಿ ಸ್ಕ್ಯಾನ್‌ನಲ್ಲಿ ಗಂಟು ಇನ್ನೂ ಇದ್ದರೂ ಅದು ಬೂದಿಯೋ ಕೆಂಡವೋ ಎಂದು ಪೆಟ್ ಹೇಳಬಲ್ಲದು. ಬ್ರಿಟನ್ನಿನ ನೇತೃತ್ವದಲ್ಲಿ 1200ಕ್ಕೂ ಹೆಚ್ಚು ರೋಗಿಗಳಲ್ಲಿ ನಡೆದ ರ‍್ಯಾಥಲ್ ಅಧ್ಯಯನದಲ್ಲಿ ಎರಡು ಸೈಕಲ್ ಎಬಿವಿಡಿಯ ನಂತರ ನೂರಕ್ಕೆ 84 ಮಂದಿಯ ಪೆಟ್ ಶುದ್ಧವಾಗಿತ್ತು. ಅವರಲ್ಲಿ ಅರ್ಧ ಜನಕ್ಕೆ ಅಲ್ಲಿಂದ ಮುಂದೆ ಬ್ಲಿಯೊಮೈಸಿನ್ ತೆಗೆದು ಉಳಿದ ಮೂರನ್ನೇ ಮುಂದುವರಿಸಿದರು. ಮೂರು ವರ್ಷಕ್ಕೆ ಕಾಯಿಲೆ ಮರಳದವರು ನಾಲ್ಕೂ ಪಡೆದವರಲ್ಲಿ 85.7, ಮೂರೇ ಪಡೆದವರಲ್ಲಿ 84.4. ಹೆಚ್ಚುಕಡಿಮೆ ಒಂದೇ. ಶ್ವಾಸಕೋಶಕ್ಕೆ ಬಿಡುವು ಸಿಕ್ಕಿತು. ಪೆಟ್‌ನಲ್ಲಿ ಇನ್ನೂ ಹೊಳಪಿದ್ದವರನ್ನು ಬೀಕಾಪ್‌ಗೆ ಏರಿಸಿದರು, ಅವರಲ್ಲಿ ಮೂರನೇ ಎರಡರಷ್ಟು ಮಂದಿ ಮೂರು ವರ್ಷಕ್ಕೆ ಕಾಯಿಲೆಯಿಲ್ಲದೆ ಇದ್ದರು. ಈಗ ಹಗುರವಾದುದರಿಂದ ಶುರು ಮಾಡಿ ಬೇಕಾದವರಿಗೆ ಏರಿಸಬಹುದು.

ಜರ್ಮನರೂ ಫ್ರೆಂಚರೂ ಇದನ್ನೇ ಮೇಲಿನಿಂದ ಕೆಳಕ್ಕೆ ಮಾಡಿದರು. ಬೀಕಾಪ್‌ನಿಂದ ಶುರು ಮಾಡಿ, ಎರಡು ಸೈಕಲ್‌ಗೆ ಪೆಟ್ ಶುದ್ಧವಾದರೆ ನಾಲ್ಕಕ್ಕೇ ನಿಲ್ಲಿಸಬಹುದು ಎಂದು ಜರ್ಮನಿಯ ಎಚ್‌ಡಿ18 ತೋರಿಸಿತು. ಫ್ರಾನ್ಸಿನ 823 ರೋಗಿಗಳ ಅಧ್ಯಯನ ಎರಡು ಬೀಕಾಪ್ ಆದ ಮೇಲೆ ಎಬಿವಿಡಿಗೆ ಇಳಿಸಿತು. ಐದು ವರ್ಷಕ್ಕೆ ಕಾಯಿಲೆ ಹಿಡಿತದಲ್ಲಿದ್ದವರು ಬೀಕಾಪ್‌ನಲ್ಲೇ ಉಳಿದ ಗುಂಪಿನಲ್ಲಿ 86.2, ಪೆಟ್ ನೋಡಿ ನಡೆಸಿದ ಗುಂಪಿನಲ್ಲಿ 85.7. ಅದಕ್ಕೂ ಮೊದಲೇ, 2012ರಲ್ಲಿ, ಎಂಟು ಸೈಕಲ್ ಬೀಕಾಪ್‌ಗಿಂತ ಆರೇ ಒಳ್ಳೆಯದು, ಬದುಕುಳಿದವರೂ ಹೆಚ್ಚು ಎಂದು ಆ ಜರ್ಮನ್ ಗುಂಪೇ ಪ್ರಕಟಿಸಿತ್ತು. ತಾವೇ ಕಟ್ಟಿದ ಚಿಕಿತ್ಸೆಯನ್ನು ತಾವೇ ಪ್ರಶ್ನಿಸಿ ಕತ್ತರಿಸುತ್ತ ಬಂದ ಅವರ ಬಗ್ಗೆ ನನಗೆ ಬಹಳ ಗೌರವವಿದೆ.

ಇನ್ನು ನಿಮ್ಮ ಚಿಕ್ಕಪ್ಪನ ಮಗ ಹೇಳಿದ ಹೊಸ ಔಷಧಗಳು. ಹಾಡ್ಜ್‌ಕಿನ್ ಗಡ್ಡೆಯೊಳಗೆ ನಿಜವಾದ ಕ್ಯಾನ್ಸರ್ ಕೋಶಗಳು ನೂರಕ್ಕೆ ಒಂದೋ ಎರಡೋ. ಉಳಿದದ್ದೆಲ್ಲ ಅವು ಸುತ್ತ ಕರೆಸಿಕೊಂಡ, ಆದರೆ ಸುಮ್ಮನಾಗಿಸಿದ ರೋಗನಿರೋಧಕ ಕೋಶಗಳು. ಗಡ್ಡೆಯಿಂದ ತೆಗೆದ ಸಣ್ಣ ಚೂರಿನಲ್ಲಿ ಆ ಒಂದೆರಡು ಕೋಶ ಕಣ್ಣಿಗೆ ಬೀಳದೆ ಹೋಗಬಹುದು. ಜ್ವರ, ಬೆವರು, ತೂಕ ಇಳಿಯುವುದು ಟಿ.ಬಿ.ಗೂ ಈ ಕಾಯಿಲೆಗೂ ಒಂದೇ. ನಮ್ಮಲ್ಲಿ ಟಿ.ಬಿ. ಹೆಚ್ಚಾದ್ದರಿಂದ ನಿಮ್ಮ ತಮ್ಮನಿಗಾದಂತೆ ಇನ್ನೂ ಎಷ್ಟೋ ಜನರಿಗೆ ಆಗುತ್ತದೆ. ಇದನ್ನು ಓದುತ್ತಿರುವ ಇತರರೂ ಗಮನಿಸಲಿ: ಟಿ.ಬಿ. ಮಾತ್ರೆಗೆ ಕರಗದ ಗಂಟಿನ ಬಯಾಪ್ಸಿಯನ್ನು ಮುಂದೂಡಬಾರದು. ಸೂಜಿ ಚುಚ್ಚಿ ತೆಗೆದ ಹನಿ ಸಾಲದು, ಸಾಧ್ಯವಾದರೆ ಇಡೀ ಗಂಟನ್ನೇ ತೆಗೆದು ಪರೀಕ್ಷಿಸಬೇಕು.

ಹೊಸ ಔಷಧಗಳ ಮಾತಿಗೆ ಮರಳೋಣ. ಹಾಡ್ಜ್‌ಕಿನ್‌ನ ಕ್ಯಾನ್ಸರ್ ಕೋಶದ ಮೈಮೇಲೆ ಸಿಡಿ30 ಎಂಬ ಗುರುತು ಇರುತ್ತದೆ. ಬ್ರೆಂಟುಕ್ಸಿಮ್ಯಾಬ್ ಎಂಬ ಔಷಧ ಆ ಗುರುತನ್ನು ಹುಡುಕಿ ಹಿಡಿದು, ತನ್ನ ಜೊತೆ ಹೊತ್ತು ತಂದ ವಿಷವನ್ನು ಕೋಶದೊಳಗೇ ಬಿಡುತ್ತದೆ. ಬ್ಲಿಯೊಮೈಸಿನ್ ಜೊತೆ ಕೊಟ್ಟಾಗ ಶ್ವಾಸಕೋಶ ಕೆಟ್ಟದ್ದರಿಂದ ಬ್ಲಿಯೊಮೈಸಿನ್ ತೆಗೆದು ಆ ಜಾಗದಲ್ಲಿ ಇದನ್ನು ಕೂರಿಸಿದರು. 1334 ರೋಗಿಗಳ ಅಧ್ಯಯನದಲ್ಲಿ ಆರು ವರ್ಷಕ್ಕೆ ಬದುಕಿದ್ದವರು ಎಬಿವಿಡಿಯಲ್ಲಿ 89.4, ಹೊಸ ಕೂಟದಲ್ಲಿ 93.9. ಎಬಿವಿಡಿಯನ್ನು ಬದುಕುಳಿಯುವ ಲೆಕ್ಕದಲ್ಲೇ ಹಿಂದೆ ಹಾಕಿದ ಫಲಿತಾಂಶ ಇದು. ಕೈಕಾಲು ಜೋಮು ಹಿಡಿಯುವ ನರದ ತೊಂದರೆ ಹೆಚ್ಚು, ಬಿಳಿಕಣ ಏರಿಸುವ ಇಂಜೆಕ್ಷನ್ ಜೊತೆಗೇ ಬೇಕು.

ನಿವೊಲುಮ್ಯಾಬ್‌ನ ದಾರಿ ಇನ್ನೊಂದು. ಸುತ್ತ ನಿಂತ ರೋಗನಿರೋಧಕ ಕೋಶಗಳನ್ನು ಕ್ಯಾನ್ಸರ್ ಸುಮ್ಮನಾಗಿಸಿದ ಬೀಗವನ್ನೇ ಅದು ತೆಗೆಯುತ್ತದೆ. ಬ್ರೆಂಟುಕ್ಸಿಮ್ಯಾಬ್ ಕೂಟದ ಎದುರು ನಿವೊಲುಮ್ಯಾಬ್ ಕೂಟವನ್ನು ಇಟ್ಟ ಅಮೆರಿಕದ ದೊಡ್ಡ ಅಧ್ಯಯನ 2024ರಲ್ಲಿ ಪ್ರಕಟವಾಯಿತು. 12 ವರ್ಷದ ಮಕ್ಕಳಿಂದ ಮುದುಕರವರೆಗೆ ಅದರಲ್ಲಿದ್ದರು. ಎರಡು ವರ್ಷಕ್ಕೆ ಕಾಯಿಲೆ ಮುಂದುವರಿಯದವರು ಬ್ರೆಂಟುಕ್ಸಿಮ್ಯಾಬ್‌ನಲ್ಲಿ 83, ನಿವೊಲುಮ್ಯಾಬ್‌ನಲ್ಲಿ 92. ನರದ ತೊಂದರೆಯೂ ಕಡಿಮೆ. ಥೈರಾಯ್ಡ್ ಕುಗ್ಗುವುದು ಮಾತ್ರ ಹೆಚ್ಚು. ಅದೇ ವರ್ಷ ಜರ್ಮನರು ಬೀಕಾಪ್‌ನಿಂದ ಬ್ಲಿಯೊಮೈಸಿನ್, ವಿನ್‌ಕ್ರಿಸ್ಟೀನ್, ಪ್ರೊಕಾರ್ಬಜೀನ್ ತೆಗೆದು ಬ್ರೆಂಟುಕ್ಸಿಮ್ಯಾಬ್, ಡಕಾರ್ಬಜೀನ್ ಸೇರಿಸಿದ ಬ್ರೆಕಾಡ್ ಎಂಬ ಕೂಟದ ಫಲಿತಾಂಶ ಕೊಟ್ಟರು. 60 ವರ್ಷದೊಳಗಿನವರಲ್ಲಿ ನಾಲ್ಕು ವರ್ಷಕ್ಕೆ ಕಾಯಿಲೆ ಮುಂದುವರಿಯದವರು 94.3, ಏರಿಸಿದ ಬೀಕಾಪ್‌ನಲ್ಲಿ 90.9, ಅದೂ ಕಡಿಮೆ ದೇಹದಂಡನೆಯಲ್ಲಿ.

94 ಎಂಬುದು 92ಕ್ಕಿಂತ ದೊಡ್ಡದು, ಹಾಗಾದರೆ ಬ್ರೆಕಾಡ್ ಮೇಲು ಎಂದು ಹೇಳಬಹುದೇ? ಹೇಳಬಾರದು. ಎರಡು ಅಧ್ಯಯನಗಳ ರೋಗಿಗಳ ವಯಸ್ಸು ಬೇರೆ, ದೇಶ ಬೇರೆ, ಲೆಕ್ಕ ಮುಗಿಸಿದ ವರ್ಷವೂ ಬೇರೆ. ಎಬಿವಿಡಿಯನ್ನೇ ನೋಡಿ: 1992ರ ವರದಿಯಲ್ಲಿ ನೂರಕ್ಕೆ 61 ಇದ್ದದ್ದು ರ‍್ಯಾಥಲ್‌ನಲ್ಲಿ 85ರ ಹತ್ತಿರ. ಔಷಧ ಅವೇ ನಾಲ್ಕು. ಒಂದರಲ್ಲಿ ಐದು ವರ್ಷದ ಲೆಕ್ಕ, ಇನ್ನೊಂದರಲ್ಲಿ ಮೂರು ವರ್ಷದ್ದು. ರ‍್ಯಾಥಲ್‌ನಲ್ಲಿ ಎರಡನೆಯ ಹಂತದವರೂ ಇದ್ದರು, ಪೆಟ್ ಶುದ್ಧವಾದವರನ್ನು ಮಾತ್ರ ಎಣಿಸಿತ್ತು. ಫೋನಿನಲ್ಲಿ ಓದಿದ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ಯಾವ ಮನೆಯವರೂ ನಿರ್ಧಾರ ಮಾಡಬಾರದು. ಒಂದೇ ಅಧ್ಯಯನದಲ್ಲಿ, ಚೀಟಿ ಎತ್ತಿದ ಹಾಗೆ ಹಂಚಿದ ಎರಡು ಗುಂಪುಗಳ ಹೋಲಿಕೆಗೆ ಮಾತ್ರ ತೂಕ.

ನಮ್ಮ ನೆಲದ ಮಾತಿಗೆ ಬರೋಣ. ಎಬಿವಿಡಿಯ ನಾಲ್ಕೂ ಔಷಧ ಭಾರತದಲ್ಲೇ ತಯಾರಾಗುತ್ತವೆ, ಬೆಲೆ ಕೈಗೆಟಕುವಂಥದ್ದು. ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಗಳಲ್ಲಿ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಡ ಕುಟುಂಬವೂ ಪೂರ್ತಿ ಮುಗಿಸಬಹುದು. ಹೊಸ ಔಷಧಗಳದ್ದು ಲಕ್ಷಗಳ ಲೆಕ್ಕ. ಬೀಕಾಪ್‌ನ ಔಷಧಗಳು ದುಬಾರಿಯಲ್ಲ, ದುಬಾರಿಯಾಗುವುದು ಅದರ ಆರೈಕೆ. ಬಿಳಿಕಣ ತೀರ ಕೆಳಗಿಳಿಯುತ್ತದೆ, ರಕ್ತ, ಪ್ಲೇಟ್‌ಲೆಟ್ ಹಾಕಬೇಕಾಗಬಹುದು, ಜ್ವರ ಬಂದರೆ ಗಂಟೆಗಳಲ್ಲಿ ಆಸ್ಪತ್ರೆ ಸೇರಿ ರಕ್ತನಾಳದ ಮೂಲಕ ಆಂಟಿಬಯಾಟಿಕ್ ಪಡೆಯಬೇಕು. ಕಲೋನ್‌ನ ಅಂಕಿಗಳ ಹಿಂದೆ ಆ ವ್ಯವಸ್ಥೆ ಇದೆ. ಆಗುಂಬೆ ಕಡೆಯ ಹಳ್ಳಿಯಲ್ಲಿ ಮಳೆಗಾಲದ ನಡುರಾತ್ರಿ ಜ್ವರ ಬಂದರೆ ಎಷ್ಟು ಹೊತ್ತಿಗೆ ಆಸ್ಪತ್ರೆ ತಲುಪುತ್ತೀರಿ ಎಂಬುದೂ ಔಷಧದ ಆಯ್ಕೆಯ ಭಾಗವೇ.

ನನ್ನ ಅಭಿಪ್ರಾಯ ಕೇಳಿದ್ದೀರಿ, ಮುಚ್ಚಿಡುವುದಿಲ್ಲ. ಅಂತಿಮ ಮಾತು ತಮ್ಮನನ್ನು ಮುಟ್ಟಿ ನೋಡಿ, ಅವನ ಹೃದಯ, ಶ್ವಾಸಕೋಶ, ರಕ್ತದ ವರದಿ ಓದಿದ ಡಾಕ್ಟರದ್ದು. ನಿವೊಲುಮ್ಯಾಬ್ ಕೂಟ ವಿಮೆಯಿಂದಲೋ ಔಷಧ ಕಂಪನಿಯ ನೆರವಿನಿಂದಲೋ ಪೂರ್ತಿ ಅವಧಿಗೆ ಖಚಿತವಾಗಿ ಸಿಗುವಂತಿದ್ದರೆ ಅದನ್ನೇ ಆರಿಸಿ ಎನ್ನುತ್ತೇನೆ. ಹಳೆಯ ಟಿ.ಬಿ. ಇದ್ದರೆ ಅದು ಕೆರಳಬಹುದು, ಆ ಪರೀಕ್ಷೆ ಮೊದಲೇ ಆಗಿರಲಿ. ಸಿಗದಿದ್ದರೆ ಎಬಿವಿಡಿ, ಎರಡು ಸೈಕಲ್‌ಗೆ ಪೆಟ್, ಅದರಂತೆ ಏರಿಸುವುದು ಅಥವಾ ಬ್ಲಿಯೊಮೈಸಿನ್ ಬಿಡುವುದು. ಇದು ಬಡವರಿಗೆಂದು ಉಳಿದ ಎರಡನೆಯ ದರ್ಜೆಯ ದಾರಿಯಲ್ಲ. ರ‍್ಯಾಥಲ್‌ನಲ್ಲಿ ಪೆಟ್ ಶುದ್ಧವಾದವರು ಮೂರು ವರ್ಷಕ್ಕೆ ನೂರಕ್ಕೆ 97 ಮಂದಿ ಬದುಕಿದ್ದರು. ಕಾಯಿಲೆ ಮರಳಿದರೂ ಕಸಿ ಇದೆ, ಆಗ ಬಳಸಲು ಬ್ರೆಂಟುಕ್ಸಿಮ್ಯಾಬ್, ನಿವೊಲುಮ್ಯಾಬ್ ಎರಡೂ ಇವೆ. ಮೊದಲೇ ಬೀಕಾಪ್ ಕೊಡುವುದಾದರೆ ಅದರ ಅನುಭವವಿರುವ, 24 ಗಂಟೆ ಆರೈಕೆಯಿರುವ ಆಸ್ಪತ್ರೆಯಲ್ಲಿ, ಆಸ್ಪತ್ರೆಯ ಹತ್ತಿರವೇ ಮನೆ ಮಾಡಿಕೊಂಡು ಮಾತ್ರ. ದಯವಿಟ್ಟು ಹೊಸ ಔಷಧಕ್ಕೆ ಹಣ ಹೊಂದಿಸಲು ತೋಟ ಮಾರುವ ಓಡಾಟದಲ್ಲಿ ತಿಂಗಳು ಕಳೆಯಬೇಡಿ. ಇವತ್ತು ಶುರುವಾಗಿ ದಿನ ತಪ್ಪದೆ ಮುಗಿದ ಎಬಿವಿಡಿ, ಅರ್ಧಕ್ಕೆ ನಿಂತ ಯಾವ ಹೊಸ ಚಿಕಿತ್ಸೆಗಿಂತಲೂ ಮೇಲು. ಎರಡು ಡೋಸ್ ಆಗುವಷ್ಟರಲ್ಲಿ ಬಹಳಷ್ಟು ಮಂದಿಗೆ ಗಂಟು ಕುಗ್ಗಿ ಜ್ವರ ನಿಲ್ಲುತ್ತದೆ. ‘ಹುಷಾರಾದ, ಇನ್ನೇಕೆ’ ಎಂದು ಬಿಡುವವರು ಆಗಲೇ. ಬಿಡಬೇಡಿ. ಯಾವ ಕೂಟವಾದರೂ ಮನೆಯಲ್ಲಿ ಥರ್ಮಾಮೀಟರ್ ಇರಲಿ. 100.4 ಡಿಗ್ರಿ ದಾಟಿದರೆ ಬೆಳಗಾಗಲಿ ಎಂದು ಕಾಯಬೇಡಿ.

ಕೊನೆಗೆ ಮಕ್ಕಳ ಪ್ರಶ್ನೆ. ಕೇಳಿದ್ದು ಬಹಳ ಒಳ್ಳೆಯದಾಯಿತು, ಸಂಕೋಚದಿಂದ ಬಹಳ ಮನೆಗಳಲ್ಲಿ ಇದನ್ನು ಯಾರೂ ಎತ್ತುವುದಿಲ್ಲ. ಎಬಿವಿಡಿ ಪಡೆದ ಗಂಡಸರಲ್ಲಿ ವೀರ್ಯಾಣು ತಾತ್ಕಾಲಿಕವಾಗಿ ಕುಗ್ಗಿದರೂ ಬಹುಪಾಲು ಮಂದಿಯಲ್ಲಿ ಒಂದೆರಡು ವರ್ಷದಲ್ಲಿ ಚೇತರಿಸುತ್ತದೆ. ಏರಿಸಿದ ಬೀಕಾಪ್ ಪೂರ್ತಿ ಪಡೆದವರಲ್ಲಿ ಹೆಚ್ಚಿನವರಿಗೆ ಹಾಗಾಗುವುದಿಲ್ಲ. ಬ್ರೆಕಾಡ್ ಅಧ್ಯಯನದಲ್ಲಿ ನಾಲ್ಕು ವರ್ಷಕ್ಕೆ ಸಂತಾನಶಕ್ತಿಯನ್ನು ಸೂಚಿಸುವ ಹಾರ್ಮೋನ್ ಸಹಜ ಮಟ್ಟಕ್ಕೆ ಮರಳಿದ ಗಂಡಸರು ನೂರಕ್ಕೆ ಸುಮಾರು 86, ಬೀಕಾಪ್‌ನಲ್ಲಿ 40. ಎಬಿವಿಡಿಯಿಂದ ಶುರು ಮಾಡಿದವರನ್ನೂ ಎರಡು ತಿಂಗಳ ನಂತರ ಬೀಕಾಪ್‌ಗೆ ಏರಿಸಬೇಕಾಗಿ ಬರಬಹುದು, ಆಗ ಸಮಯ ಮೀರಿರುತ್ತದೆ. ಆದ್ದರಿಂದ ಯಾವ ಔಷಧವಾದರೂ ಸರಿ, ಮೊದಲ ಡೋಸ್‌ಗೆ ಮುನ್ನ ವೀರ್ಯ ಸಂಗ್ರಹಿಸಿ ಶೈತ್ಯದಲ್ಲಿ ಇಡಿಸಿ. ಒಂದೆರಡು ದಿನದ ಕೆಲಸ, ಚಿಕಿತ್ಸೆ ತಡವಾಗುವುದಿಲ್ಲ. ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುವ ದೊಡ್ಡ ಕೇಂದ್ರಗಳಲ್ಲಿ ಈ ಸೌಲಭ್ಯವಿರುತ್ತದೆ, ಕ್ಯಾನ್ಸರ್ ಡಾಕ್ಟರು ಚೀಟಿ ಬರೆದುಕೊಡುತ್ತಾರೆ. ಕಾಯಿಲೆಯಿಂದಲೇ ಎಣಿಕೆ ಈಗಾಗಲೇ ಕಡಿಮೆಯಿರಬಹುದು. ಆದರೂ ಇಡಿಸಿ, ಈಗಿನ ವಿಧಾನಗಳಲ್ಲಿ ಕೆಲವೇ ವೀರ್ಯಾಣು ಇದ್ದರೂ ಮಗು ಪಡೆಯಬಹುದು. ತಂಗಿಗೋ ಮಗಳಿಗೋ ಇದೇ ಕಾಯಿಲೆ ಬಂದವರು ಇದನ್ನು ಓದುತ್ತಿದ್ದರೆ, ಅಂಡಾಣು ತೆಗೆದಿಡಲು ಸುಮಾರು ಎರಡು ವಾರ ಬೇಕು, ಅದನ್ನು ಮೊದಲ ಭೇಟಿಯಲ್ಲೇ ಕೇಳಿ. ನಿಮ್ಮ ತಮ್ಮನ ಎದುರು ಈ ಮಾತನ್ನು ಅಕ್ಕನೋ ಅಮ್ಮನೋ ಎತ್ತುವುದು ಕಷ್ಟವಾದರೆ ಅವನ ಗೆಳೆಯನೊಬ್ಬನನ್ನು ಜೊತೆಗೆ ಕಳಿಸಿ, ಡಾಕ್ಟರೇ ಹೇಳಲಿ. ಇಂಜೆಕ್ಷನ್ನಿನ ದಿನ ಗೊತ್ತಾಗುವ ಮುಂಚೆ, ಈ ವಾರವೇ.